ತಪ್ಪು ಗುಂಪಿಗೆ ಹೋದ ರೋಗಿ

ಬೀದರ್,
೧೪ ಮೇ ೨೦೨೫, ಬುಧವಾರ

ಅವ್ವಾ,

ಈ ಪತ್ರವನ್ನು ಓದದೆ ಹರಿಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಅದನ್ನು ಹೇಗೆ ಮಾಡಬೇಕೆಂದು ಕ್ರಿಸ್‌ಮಸ್ ರಜೆಯಲ್ಲಿ ನಿನಗೆ ಕಲಿಸಿದವಳು ನಾನೇ. ನಾನು ಹೇಳಿಕೊಟ್ಟದ್ದನ್ನು ಇಷ್ಟು ಚೊಕ್ಕವಾಗಿ ಮಾಡಿ ತೋರಿಸಿದವರು ಇದುವರೆಗೆ ಬೇರೆ ಯಾರೂ ಇಲ್ಲ.

ನನ್ನ ಕೆಲಸವೇನೆಂದು ಭಾಲ್ಕಿಯಲ್ಲಿ ಯಾರಾದರೂ ಕೇಳಿದರೆ "ಫೋನ್ ನೋಡ್ತಾಳ್ರಿ" ಎನ್ನುತ್ತೀಯಂತೆ. ಪೂರ್ತಿ ಸುಳ್ಳಲ್ಲ. ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಮಕ್ಕಳಿಗೆ ಪಾಠ ಮಾಡುವ ಶಿಕ್ಷಕರಿಗೆ ನಾನು ಆನ್‌ಲೈನಿನಲ್ಲಿ ಪಾಠ ಮಾಡುತ್ತೇನೆ. ಬೀದರ್, ಭಾಲ್ಕಿ, ಔರಾದ್ ಸೇರಿ ಇಪ್ಪತ್ತೆರಡು ಜನ. ಒಬ್ಬರಿಗೆ ವಾರ್ಡು, ಒಬ್ಬರಿಗೆ ಆಂಬ್ಯುಲೆನ್ಸು. ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವಾಗುವುದಿಲ್ಲ. ಅದಕ್ಕೇ ಪ್ರತಿ ಸೋಮವಾರ ಬೆಳಿಗ್ಗೆ ವಾಟ್ಸಾಪ್ ಗುಂಪಿಗೆ ಒಬ್ಬ ಕಲ್ಪಿತ ರೋಗಿಯ ಕಥೆ ಹಾಕಿ ಮೂರು ಪ್ರಶ್ನೆ ಕೇಳುತ್ತೇನೆ. ಶನಿವಾರದೊಳಗೆ ಅವರವರ ಅನುಕೂಲದಂತೆ ಉತ್ತರಿಸಬೇಕು. ಔರಾದಿನ ಹಾವಗೆಪ್ಪ ಸರ್ ಆಂಬ್ಯುಲೆನ್ಸಿನಲ್ಲಿದ್ದುಕೊಂಡೇ ಮಕ್ಕಳಿಗೆ ಕಲಿಸುವವರು. ಅವರಿಗೆ ಎರಡು ತಿಂಗಳಾದರೂ ಅನುಕೂಲವಾಗಿರಲಿಲ್ಲ. ಕೇಳಿದ್ದಕ್ಕೆ, "ಮೇಡಂ, ನಿಮ್ಮ ರೋಗಿ ಶನಿವಾರದ ತನಕ ತಡೀತಾನ್ರಿ. ನಮ್ಮ ಗಾಡ್ಯಾಗಿನವ ತಡಿಯಂಗಿಲ್ರಿ" ಎಂದರು.

ಅವರು ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸ್ವಲ್ಪ ಜೀವವಿರುವ ರೋಗಿಯನ್ನು ಬರೆಯೋಣವೆಂದು ಕುಳಿತೆ. ಆ ರೋಗಿ ನೀನೇ ಆದೆ. ಹೆಸರು ಹಾಕಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಸಿದೆನೆಂದುಕೊಂಡೆ. ಆದರೆ "ಭಾಲ್ಕಿ, ಎಪ್ಪತ್ತೊಂದು ವರ್ಷದ ನಿವೃತ್ತ ಮಿಷನ್ ನರ್ಸ್, ಒಂಟಿ ವಾಸ, ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ, ಅಕ್ಕಿ ಡಬ್ಬಿಯಲ್ಲಿ ಬಾಲೂಷಾಹಿ ಮಿಠಾಯಿ ಬಚ್ಚಿಡುವ ಅಭ್ಯಾಸ, ಸುಡುಬಿಸಿಲಿನಲ್ಲೂ ಕಾಲಿಗೆ ಸಾಕ್ಸ್, ತೆಗೆ ಎಂದರೆ ಸಿಟ್ಟು, ಇಂದು ಬೆಳಿಗ್ಗೆ ಜ್ವರ, ತೊದಲು ಮಾತು" ಎಂದು ಬರೆದ ಮೇಲೆ ಹೆಸರು ಯಾರಿಗೆ ಬೇಕು? ಮೇ ಐದರ ಬೆಳಿಗ್ಗೆ ಅದು ತರಗತಿಯ ಗುಂಪಿಗೆ ಹೋಗುವ ಬದಲು ಭಾಲ್ಕಿಯ ನಮ್ಮ ಚರ್ಚಿನ ಪ್ರಾರ್ಥನಾ ಗುಂಪಿಗೆ ಹೋಯಿತು.

ಆ ಗುಂಪಿನ ಪದ್ಧತಿ ನಿನಗೆ ಗೊತ್ತೇ ಇದೆ. ಯಾರೂ ವಿಚಾರಣೆ ಮಾಡುವುದಿಲ್ಲ; ಮೊದಲು ಪ್ರಾರ್ಥನೆ, ಆಮೇಲೆ ಭೇಟಿ. ಆದರೂ ಅವರು ನನ್ನ ಮೂರು ಪ್ರಶ್ನೆಗಳನ್ನು ಬಿಡಲಿಲ್ಲ. ಮೊದಲು ಏನು ಮಾಡುತ್ತೀರಿ? "ಮೊಣಕಾಲೂರಿ ಪ್ರಾರ್ಥನಾ ಮಾಡ್ಲಿಕತ್ತೇವ್ರಿ." ಯಾರಿಗೆ ತಿಳಿಸುತ್ತೀರಿ? "ಎಲ್ಲಾರಿಗೂ ತಿಳಿಸೇವ್ರಿ." ರೋಗಿಯನ್ನು ಸಾಗಿಸುವುದು ಹೇಗೆ? ತಿಮೋಥಿ ಮಾಮ ಬರೆದರು: "ನನ್ನ ಟಂಟಂ ಆಟೋ ಬಾಗಿಲಾಗೇ ನಿಂತದ." ಕಾಲು ಗಂಟೆಯಲ್ಲಿ ನಲವತ್ತೊಂದು ಉತ್ತರ! ನನ್ನ ಶಿಕ್ಷಕರು ವಾರವಿಡೀ ಸೇರಿ ಒಂಬತ್ತು ಕೊಟ್ಟರೆ ಹಬ್ಬ.

ಅವರು ನಿನಗೆ ಫೋನೂ ಮಾಡಿದರಂತೆ. ನೀನು ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದೆ, ಎತ್ತಲಿಲ್ಲ. ಎತ್ತದ್ದರಿಂದ ಅವರಿಗೆ ಖಾತ್ರಿಯಾಯಿತು.

ಮುಂದಿನದನ್ನು ತಿಮೋಥಿ ಮಾಮನೇ ನನಗೆ ಹೇಳಿದ್ದು. ಟಂಟಂನಿಂದ ಏಳು ಜನ ಇಳಿದು ಓಡಿಬಂದರೆ ನೀನು ಹಪ್ಪಳದ ಹಿಟ್ಟಿನ ಕೈಯಲ್ಲಿ ಎದುರಿಗೆ ನಿಂತಿದ್ದೆಯಂತೆ. "ಏನ್ರಿ ಏಂಜಲಿನಾ ಅಕ್ಕಾ, ನಿಂತೇ ಇದ್ದೀರಲ್ರಿ!" ಎಂದು ಮಾಮ ತುಸು ಬೇಸರದಿಂದಲೇ ಕೇಳಿದರಂತೆ. "ಮತ್ತ, ನೀವು ಬರೂ ತನಕ ಮಕ್ಕೊಂಡಿರಬೇಕಿತ್ತೇನು?" ಎಂದೆ ನೀನು. ಪಕ್ಕದ ಮನೆಯ ಲೀಲಾಬಾಯಿ ಗೋಡೆಯಾಚೆಯಿಂದ, "ಮಾತು ಏನೂ ತೊದಲವಲ್ದು ಬಿಡ್ರಿ, ಬರೋಬರ್ ಅದ" ಎಂದರು. ಮಾಮ ಮೊಬೈಲು ಹಿಡಿದು ಒಂದೊಂದಾಗಿ ಓದಿದರು. ಜ್ವರ ಇಲ್ಲ. ತೊದಲು ಇಲ್ಲ. ಬಾಲೂಷಾಹಿ? ಲೀಲಾಬಾಯಿ ಅಷ್ಟರಲ್ಲಿ ನಿನ್ನ ಅಡುಗೆಮನೆಗೇ ಬಂದು ಅಕ್ಕಿ ಡಬ್ಬಿಗೆ ಕೈ ಹಾಕಿಯಾಗಿತ್ತು. "ಅದ ನೋಡ್ರಿ! ಆರು ಅವ!" ಆಮೇಲೆ ಸಾಕ್ಸ್. ಎಲ್ಲರೂ ಒಟ್ಟಿಗೆ ಕೆಳಗೆ ನೋಡಿದರಂತೆ, ಬೇರೆ ದಾರಿಯಿಲ್ಲದೆ ನೀನು ಬಿಚ್ಚಿದೆಯಂತೆ.

ಅವ್ವಾ, ಮೂವತ್ತಾರು ವರ್ಷ ನೀನು ಸಕ್ಕರೆ ಕಾಯಿಲೆಯವರಿಗೆ ದಿನವೂ ಕಾಲು ನೋಡಿಕೊಳ್ಳಿರೆಂದು ಗದರಿದವಳು. ಎಡಗಾಲಿನ ಕಿರುಬೆರಳಿನ ಬುಡದಲ್ಲಿ ಎಂಟಾಣೆಯಷ್ಟು ಅಗಲದ ಗಾಯವನ್ನು ಈಸ್ಟರಿನಿಂದ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲವೆಂದು, ಅವರು ಅಂದೇ ಟಂಟಂನಲ್ಲಿ ಕರೆದೊಯ್ದ ಆಸ್ಪತ್ರೆಯ ಡಾಕ್ಟರು ಹೇಳಿದರು.

ಅಂದು ಸಂಜೆ ನಾನು ಬಂದೆ. ನೀನು ಬಾಗಿಲು ತೆಗೆಯಲಿಲ್ಲ. ಒಣಗಿದ ಹಪ್ಪಳ ಕೂಡಿಸಿ ಕಟ್ಟೆಯ ಮೇಲಿಟ್ಟು ಬಂದೆ. ಈಗ ಎರಡು ಡ್ರೆಸ್ಸಿಂಗ್ ತಪ್ಪಿಸಿದ್ದೀಯ. ಮಾಮ ಕರೆಯಲು ಬಂದರೆ, "ನನ್ನ ಡಬ್ಬಿ ಊರಿಗೆಲ್ಲ ತೋರ್ಸಿದಾಕಿ ಮೊದಲ ತಪ್ಪಾತು ಅನ್ಲಿ, ಆಮ್ಯಾಲ ನಾ ಬರ್ತೇನಿ" ಎಂದು ಕುಳಿತಿದ್ದೀಯಂತೆ. ಸಿಟ್ಟು ನನ್ನ ಮೇಲೆ, ಶಿಕ್ಷೆ ಬೆರಳಿಗೆ.

ಆದ್ದರಿಂದ ಬರೆಯುತ್ತಿದ್ದೇನೆ: ನನ್ನಿಂದ ತಪ್ಪಾಯಿತು. ನಿನ್ನನ್ನು ಕೇಳದೆ ನಿನ್ನನ್ನೇ ಪಾಠವಾಗಿಸಿದ್ದು ತಪ್ಪು. ಡಬ್ಬಿಯ ವಿಷಯ ಬರೆದದ್ದು ಇನ್ನೂ ತಪ್ಪು. ಅದು ವೈದ್ಯಕೀಯವಾಗಿ ಅಗತ್ಯವೇನೂ ಇರಲಿಲ್ಲ, ಬರೆಯುವಾಗ ನನಗೆ ನಗು ಬಂತು, ಅಷ್ಟೇ. ಕಲಿಸುವವಳಿಗೆ ಆ ನಗು ಇರಬಾರದೇನೋ. ಗೊತ್ತಿಲ್ಲ.

ಒಂದು ಮಾತು. ಮೇ ಐದರ ಮಧ್ಯಾಹ್ನವೇ ಅದೇ ಕಥೆಯನ್ನು ತರಗತಿಯ ಗುಂಪಿಗೂ ಹಾಕಿದೆ. ಹತ್ತು ನಿಮಿಷಕ್ಕೆ ಹಾವಗೆಪ್ಪ ಸರ್ ಫೋನು: "ಮೇಡಂ, ಇವರು ನಿಮ್ಮ ತಾಯಿ ಏನ್ರಿ? ಶನಿವಾರ ಗಿನಿವಾರ ಬಿಡ್ರಿ, ಗಾಡಿ ಕಳಸ್ಲೇನು?" ಪೂರ್ತಿ ಅಂಕ ಕೊಟ್ಟೆ. ಈ ವಾರದಿಂದ ಉತ್ತರಕ್ಕೆ ಒಂದೇ ದಿನ ಗಡುವು.

ಪತ್ರ ತಂದ ತಿಮೋಥಿ ಮಾಮನ ಟಂಟಂ ಹೊರಗೆ ನಿಂತಿರುತ್ತದೆ. ನೀನು ಕೇಳಿದ ಮಾತು ಬರಹದಲ್ಲೇ ಸಿಕ್ಕಿತಲ್ಲ, ಚಪ್ಪಲಿ ಹಾಕಿಕೊಂಡು ಹತ್ತು.

ನಿನ್ನ ಮಗಳು,
ಇವಾಂಜಲಿನ

ತಾ. ಕ.: ಇದನ್ನು ಡ್ರೆಸ್ಸಿಂಗ್ ಮುಗಿಸಿ ಬಂದ ಮೇಲೆ ಓದು. ಆ ರೋಗಿಯ ಕಥೆ ಕಳಿಸಿದ ಅರ್ಧ ನಿಮಿಷಕ್ಕೇ ಅದು ಚರ್ಚಿನ ಗುಂಪಿಗೆ ಹೋಗಿದ್ದನ್ನು ನೋಡಿದೆ. ಎಲ್ಲರ ಫೋನಿನಿಂದಲೂ ಅಳಿಸಬಹುದಿತ್ತು. ಬೆರಳು ಅಲ್ಲೇ ಇಟ್ಟುಕೊಂಡು ಯೋಚಿಸಿದೆ: ನಾನು ಎರಡು ವಾರ ಬೇಡಿಕೊಂಡರೂ ನೀನು ಆ ಸಾಕ್ಸ್ ತೆಗೆಯಲಿಲ್ಲ, ಇವರ ಎದುರು ತೆಗೆಯಲೇಬೇಕಾಗುತ್ತದೆ. ಫೋನನ್ನು ಮಗುಚಿಟ್ಟು ಚಹಾ ಮಾಡಿಕೊಳ್ಳಲು ಹೋದೆ. ಮೇಲೆ ಕೇಳಿದ ಕ್ಷಮೆ ಇದಕ್ಕೆ ಅನ್ವಯಿಸುವುದಿಲ್ಲ.