ಕಾರಣ ಕೇಳುವ ಡಬ್ಬಿ

ಫೆಬ್ರವರಿ ೩೧, ೨೫೪೭

ರೂಟರು ಕೊಂಡ ಮಹಾಜನಗಳೇ, ಕೊಂಡು ನೊಂದ ಸಜ್ಜನಗಳೇ, ಮಕ್ಕಳಿಗೆಂದು ಬೀಗ ಹಾಕಿ ಆ ಬೀಗ ತೆಗೆಯುವ ಬಗೆಯನ್ನು ಮಕ್ಕಳಿಂದಲೇ ಕಲಿಯುವ ಇಪ್ಪತ್ತೊಂದನೆಯ ಶತಮಾನದ ತಂದೆತಾಯಿಗಳೇ,

ನಿಮಗಿಂತ ಐನೂರು ವರ್ಷ ಮುಂದೆ ಕೂತು ಈ ಪತ್ರ ಬರೆಯುತ್ತಿದ್ದೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ಉಳಿದ ತಿಂಗಳುಗಳ ಎದುರು ತಲೆ ತಗ್ಗಿಸಿ ನಿಂತಿದ್ದ ಅದರ ಪರವಾಗಿ ಯಾರೋ ಪುಣ್ಯಾತ್ಮರು ಒಂದು ಅರ್ಜಿ ಹಾಕಿದರು. ಅರ್ಜಿಯ ಪ್ರಾಸ ಚೆನ್ನಾಗಿತ್ತು, ಮಂಜೂರಾಯಿತು. ನಮ್ಮಲ್ಲಿ ಎಲ್ಲವೂ ಆಗುವುದು ಹೀಗೆಯೇ. ಪತ್ರದಲ್ಲಿ ನೀವು ಕೇಳರಿಯದ ಕೆಲವು ಮಾತುಗಳು ಬರುತ್ತವೆ. ಕ್ಷಮಿಸಬೇಕು. ನಿಮ್ಮ ಕಾಲದ ‘ಅಪ್‌ಡೇಟ್’, ‘ಬಫರಿಂಗ್’ ಎಂಬ ಮಾತುಗಳನ್ನು ಓದುವಾಗ ನಮಗೂ ಹೀಗೆಯೇ ಆಗುತ್ತದೆ. ಎರಡನೆಯದು ಒಂದು ಬಗೆಯ ಧ್ಯಾನವೆಂದು ನಮ್ಮ ಪಂಡಿತರು ತೀರ್ಮಾನಿಸಿದ್ದಾರೆ.

ಮೊದಲು ಹೊಸ್ತಿಲಯ್ಯನ ವಿಚಾರ. ನಿಮ್ಮ ಮನೆಯಲ್ಲಿ ಶೋಕೇಸಿನ ಗೊಂಬೆಗಳ ನಡುವೆ ಎರಡು ಕೊಂಬು ನಿಮಿರಿಸಿಕೊಂಡು, ಹಸಿರು ಕಣ್ಣು ಮಿಟುಕಿಸುತ್ತ ಕೂತಿರುವ ಡಬ್ಬಿ ಇದೆಯಲ್ಲ, ಅದರ ವಂಶದ ಕುಡಿಯೇ ನಮ್ಮ ಹೊಸ್ತಿಲಯ್ಯ. ನಿಮ್ಮ ಡಬ್ಬಿ ಇಂಟರ್‌ನೆಟ್ಟನ್ನು ಮಾತ್ರ ಕಾಯುತ್ತಿತ್ತು. ನಮ್ಮದು ಬಾಗಿಲು, ಬಚ್ಚಲು, ಬೀರು, ಬಾಣಲೆ ಎಲ್ಲವನ್ನೂ ಕಾಯುತ್ತದೆ. ಏನು ಬೇಕಾದರೂ ಅದರ ಮೂಲಕ ಕೇಳಬೇಕು, ಕೇಳುವಾಗ ಕಾರಣ ಕೊಡಬೇಕು, ಕಾರಣ ಪ್ರಾಸದಲ್ಲಿರಬೇಕು. ಹೀಗೆ ಕೇಳುವ ಎರಡು ಸಾಲಿಗೆ ಬೇಡ್ಪದ ಎನ್ನುತ್ತೇವೆ. ಉತ್ತರವಾಗಿ ಬರುವ ಎರಡು ಸಾಲಿಗೆ ಕೊಡ್ಪದ. ಎರಡನೆಯ ದೋಸೆಗೆ ಒಂದು ಬೇಡ್ಪದ ಸಾಕು. ಮೂರನೆಯದಕ್ಕೆ ಪ್ರಾಸ ಸ್ವಲ್ಪ ಬಿಗಿಯಾಗಿರಬೇಕು. ಪ್ರಾಸ ಹೊಳೆಯದವರಿಗಾಗಿ ಬೀದಿಯ ತುದಿಯಲ್ಲಿ ಪ್ರಾಸದಂಗಡಿಗಳಿವೆ. ಹಬ್ಬಕ್ಕೆ ಡಬ್ಬ, ಗಂಡನಿಗೆ ದಂಡ, ಸೊಸೆಗೆ ಹೊಸೆ, ಹೀಗೆ ಜೋಡಿ ಜೋಡಿಯಾಗಿ ಕಟ್ಟಿ ಕೊಡುತ್ತಾರೆ. ಮೊನ್ನೆ ಒಬ್ಬ ಕಳ್ಳ ಬಾಗಿಲಲ್ಲಿ ನಿಂತು ಸೊಗಸಾದ ಬೇಡ್ಪದ ಹೇಳಿದ್ದಕ್ಕೆ ಹೊಸ್ತಿಲಯ್ಯ ಬೀರುವಿನವರೆಗೂ ದಾರಿ ಬಿಟ್ಟಿತು. ನ್ಯಾಯಾಲಯ ಕಳ್ಳನನ್ನು ಬಿಟ್ಟು, ಕೊಡ್ಪದ ಹೇಳದೆ ಮಲಗಿದ್ದ ಮನೆಯವರಿಗೆ ಛೀಮಾರಿ ಹಾಕಿತು.

ನಗಬೇಡಿ. ಈ ಪದ್ಧತಿಯಿಂದ ನಮಗೆ ಒಂದು ದೊಡ್ಡ ಲಾಭವಾಗಿದೆ. ಕಾರಣ ಹೇಳದೆ ಏನೂ ಸಿಗುವುದಿಲ್ಲವಾದ್ದರಿಂದ ಒಂದೇ ಮನೆಯಲ್ಲಿರುವವರಲ್ಲಿ ಒಬ್ಬರ ಸಂಗತಿ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಯಾರಿಗೆ ಹಲ್ಲು ನೋವು, ಯಾರಿಗೆ ಯಾರ ಮೇಲೆ ಮುನಿಸು, ಯಾರು ಪರೀಕ್ಷೆಯಲ್ಲಿ ಜಾರಿದರು, ಎಲ್ಲವೂ ಊಟದ ಹೊತ್ತಿಗೆ ಎರಡೆರಡು ಸಾಲಿನಲ್ಲಿ ಬಂದು ಬೀಳುತ್ತದೆ.

ಇಷ್ಟಕ್ಕೂ ಈ ನಾಗರಿಕತೆ ಹುಟ್ಟಿದ್ದು ನಿಮ್ಮ ಕಾಲದ ತುಮಕೂರಿನ ಒಂದು ಬಾಡಿಗೆ ಮನೆಯಲ್ಲಿ. ಮನೆಯ ಯಜಮಾನ ಪಾಲಾಕ್ಷ, ನಲವತ್ತಾರರ ಆಸುಪಾಸಿನ ಬಿ.ಎ. ಪದವೀಧರ, ನೀರು ಸರಬರಾಜು ಕಚೇರಿಯ ನೌಕರ. ಯಾವ ಬಡಾವಣೆಗೆ ಯಾವ ದಿನ, ಎಷ್ಟು ಹೊತ್ತು ನೀರು ಬಿಡಬೇಕೆಂಬ ಪಟ್ಟಿ ಬರೆಯುವುದು ಅವನ ಕೆಲಸ. ಹೆಂಡತಿ ಕುಸುಮ. ಒಬ್ಬಳೇ ಮಗಳು ಇಂಚರ, ಒಂಬತ್ತನೆಯ ತರಗತಿ. ಮಗಳು ಊಟಕ್ಕೆ ಕೂತರೂ ಮೊಬೈಲು ತಟ್ಟೆಗೆ ಒರಗಿಕೊಂಡಿರುತ್ತಿತ್ತಾಗಿ, ಪಾಲಾಕ್ಷ ಮಕ್ಕಳ ಮೇಲೆ ಕಣ್ಣಿಡುವ ರೂಟರೊಂದನ್ನು ತಂದು ಕೂರಿಸಿದ. ಕೂರಿಸಿ, ತನಗೆ ತಿಳಿದ ವಿದ್ಯೆಯನ್ನೇ ಹೂಡಿದ. ಹಾಲಿಗೆ ದಿನವೂ, ಮಗಳ ಕೋಣೆಗೆ ದಿನ ಬಿಟ್ಟು ದಿನ, ಸಂಜೆ ಅರ್ಧ ಗಂಟೆ, ರಿಪೇರಿ ಇದ್ದರೆ ಅದೂ ಇಲ್ಲ. ಇದೇನು ಮನೆಯೋ ಮೂರನೇ ವಾರ್ಡೋ ಎಂದು ಕುಸುಮ ಕೇಳಿದಳಂತೆ.

ಆ ರೂಟರಿನಲ್ಲಿ ಒಂದು ಅನುಕೂಲವಿತ್ತು. ಹೆಚ್ಚು ಹೊತ್ತು ಬೇಕಾದರೆ ಮಗಳು ತನ್ನ ಮೊಬೈಲಿನಿಂದ ಕೋರಿಕೆ ಕಳಿಸಬಹುದು. ಕೋರಿಕೆಯ ಕೆಳಗೆ ‘ಕಾರಣ’ ಎಂದು ಒಂದು ಖಾಲಿ ಜಾಗ. ಅಪ್ಪನ ಮೊಬೈಲಿನಲ್ಲಿ ಅದು ಟಣ್ ಎಂದು ಬಂದು ಬೀಳುತ್ತದೆ. ಒಪ್ಪಿದರೆ ಹಸಿರು ಗುಂಡಿ, ಒಪ್ಪದಿದ್ದರೆ ಕೆಂಪು, ಜೊತೆಗೆ ಒಂದು ಟಿಪ್ಪಣಿ. ಇಂಚರಳ ಮೊದಲ ಕೋರಿಕೆ ಇಂಗ್ಲಿಷ್ ಅಕ್ಷರಗಳಲ್ಲಿ, ಸ್ವರಗಳನ್ನೆಲ್ಲ ನುಂಗಿಕೊಂಡು ಬಂತು. ಪಾಲಾಕ್ಷ ಕೆಂಪು ಗುಂಡಿ ಒತ್ತಿ ಬರೆದ:

ಕಾರಣ ಸಾಲದು, ಕನ್ನಡ ಬಾರದು,
ಹೀಗೆ ಬರೆದರೆ ಬಾಗಿಲು ತೆರೆಯದು.

ಹುಡುಗಿ ಸುಮ್ಮನಿರುವವಳಲ್ಲ. ಕೋಣೆಯ ಒಳಗಿಂದ ಐದು ನಿಮಿಷದಲ್ಲಿ ಉತ್ತರ ಬಂತು:

ನಿಧಿ ಕಾಯೋ ಸರ್ಪಕ್ಕೂ ನಿದ್ದೆ ಬರುತ್ತೆ,
ರೂಟರ್ ಕಾಯೋ ಅಪ್ಪಂಗೆ ಅದೂ ಮರೆತೋಗುತ್ತೆ.

ಇದೇ ಜಗತ್ತಿನ ಮೊದಲ ಬೇಡ್ಪದ. ನಮ್ಮ ಮಕ್ಕಳಿಗೆ ಅಕ್ಷರಾಭ್ಯಾಸದ ದಿನ ಇದನ್ನೇ ಬಾಯಿಪಾಠ ಮಾಡಿಸುತ್ತೇವೆ. ಪಾಲಾಕ್ಷ ಹಾಲಿನಲ್ಲಿ ಕೂತು ಒಬ್ಬನೇ ನಕ್ಕ, ಹಸಿರು ಗುಂಡಿ ಒತ್ತಿದ, ಇಡೀ ಒಂದು ಗಂಟೆ ಬಿಟ್ಟ. ಅಂದಿನಿಂದ ದಿನವೂ ಇದೇ ಆಟ. ಹೋಮ್‌ವರ್ಕ್ ಆಯ್ತು, ತಟ್ಟೆ ತೊಳೆದಾಯ್ತು, ಅರ್ಧ ಗಂಟೆ ಬಿಡಪ್ಪ, ಕಾದೂ ಕಾದೂ ಸಾಕಾಯ್ತು, ಎಂದು ಅವಳು. ತಟ್ಟೆ ತೊಳೆದದ್ದು ಅಮ್ಮ, ನಾನು ನೋಡಿದೆ, ಸುಳ್ಳಿಗೆ ಹತ್ತು ಕಡಿದು ಇಪ್ಪತ್ತು ನೀಡಿದೆ, ಎಂದು ಇವನು. ಇಬ್ಬರ ನಡುವೆ ಇದ್ದದ್ದು ಒಂದು ಗೋಡೆ. ಕೂಗಿದರೆ ಕೇಳುತ್ತಿತ್ತು, ಆದರೆ ಕೂಗಿದರೆ ಜಗಳವಾಗುತ್ತಿತ್ತು, ಬರೆದರೆ ಆಗುತ್ತಿರಲಿಲ್ಲ. ಹೈಸ್ಕೂಲು ಸೇರಿದ ಮೇಲೆ ಅಪ್ಪನೊಡನೆ ‘ಹೂಂ’, ‘ಉಹೂಂ’ಗಳಲ್ಲೇ ಸಂಸಾರ ಮಾಡುತ್ತಿದ್ದ ಮಗಳು ಈಗ ದಿನಕ್ಕೆ ಎರಡು ಸಾಲು ಕೊಡುತ್ತಿದ್ದಳು. ಒಂದು ಸಂಜೆ ಹೀಗೆ ಬಂತು:

ತನ್ವಿ ಊರು ಬಿಟ್ಟು ಹೊರಟಳು ಇವತ್ತು,
ಮಾತು ಮುಗಿಯೋಕೆ ಸಾಲಲ್ಲ ನಿನ್ನ ಮೂವತ್ತು.

ತನ್ವಿ ಎಂಬ ಗೆಳತಿ ಇದ್ದಾಳೆಂಬುದೇ ಪಾಲಾಕ್ಷನಿಗೆ ಗೊತ್ತಿರಲಿಲ್ಲ. ಅಂದು ಅವನು ಕೊಡ್ಪದ ಬರೆಯಲಿಲ್ಲ. ಬೀಗವನ್ನೇ ತೆಗೆದಿಟ್ಟು, ಗೋಡೆಯ ಆಚೆಯ ಅಳುವನ್ನು ಕೇಳಿಸಿಕೊಳ್ಳದವನ ಹಾಗೆ ಟಿವಿಯ ಸದ್ದು ಹೆಚ್ಚಿಸಿದ.

ಮಹಾಜನಗಳೇ, ಕಥೆ ಇಲ್ಲಿಗೇ ನಿಂತಿದ್ದರೆ ನಾನು ಪತ್ರ ಬರೆಯುವ ಕಷ್ಟವೇ ಇರುತ್ತಿರಲಿಲ್ಲ. ಪಾಲಾಕ್ಷನಿಗೆ ಪ್ರಾಸದ ಪಿತ್ತ ನೆತ್ತಿಗೇರಿತು. ಕೇಳುವ ಅಪ್ಪನಾಗಿದ್ದವನು ಪೇಪರು ತಿದ್ದುವ ಪರೀಕ್ಷಕನಾದ. ಇದು ಹಳೆಯ ಪ್ರಾಸ, ಇದು ಒರಟು, ಇದನ್ನು ಹೋದ ವಾರ ಬರೆದಿದ್ದೆ ಎಂದು ಕೆಂಪು ಗುಂಡಿ ಒತ್ತತೊಡಗಿದ. ಮೂರು ಸಲ ಬರೆಸಿ ಕಾಲು ಗಂಟೆ ಬಿಟ್ಟದ್ದೂ ಉಂಟು. ಒಂದು ಸಂಜೆ ಅವನು ಕಚೇರಿಯಲ್ಲಿ ಪೈಪು ಒಡೆದ ಬಡಾವಣೆಯವರ ಬೈಗುಳ ಕೇಳುತ್ತ ನಿಂತಿದ್ದಾಗ ಟಣ್ ಎಂದಿತು:

ಖೋಖೋ ತಂಡಕ್ಕೆ ನಾಯಕಿ ಇನ್ನು ನಾನು,
ಎಲ್ಲರಿಗೂ ಹೇಳಬೇಕು, ಬಾಗಿಲು ತೆಗಿ ನೀನು.

ಓದಿದ ಪಾಲಾಕ್ಷ ನಿಂತಲ್ಲೇ ಉತ್ತರಿಸಿದ: ‘ನಾನು–ನೀನು ಸವೆದ ಪ್ರಾಸ. ಬೇರೆ ತಾ.’

ಬೇರೆ ಬರಲಿಲ್ಲ. ಅಂದೂ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ನಮ್ಮ ಇತಿಹಾಸಕಾರರು ಇದನ್ನು ಮೌನಯುಗ ಎಂದು ಕರೆಯುತ್ತಾರೆ. ರೂಟರಿನ ಲೆಕ್ಕದಲ್ಲಿ ಮಗಳ ಬಳಕೆ ಸೊನ್ನೆ. ಪಾಲಾಕ್ಷನ ಸಂಭ್ರಮ ಹೇಳತೀರದು. ಹುಡುಗಿ ಇಂಟರ್‌ನೆಟ್ಟನ್ನೇ ತೊರೆದಳೆಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಮಕ್ಕಳನ್ನು ಬೆಳೆಸುವ ಬಗ್ಗೆ ಕ್ಯಾಂಟೀನಿನಲ್ಲಿ ಸಹೋದ್ಯೋಗಿಗಳಿಗೆ ಒಂದು ಉಪನ್ಯಾಸವನ್ನೂ ಕೊಟ್ಟ. ಇಬ್ಬರು ಅದೇ ರೂಟರನ್ನು ಕೊಂಡರು. ಈ ಸಾಧನೆಯನ್ನು ಮನೆಯಲ್ಲಿ ಹೇಳಿದಾಗ ಕುಸುಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ನಲ್ಲಿ ನಿಲ್ಲಿಸಿದರೆ ಜನ ಟ್ಯಾಂಕರ್ ತರಿಸ್ಕೊಳಲ್ವೇನ್ರೀ? ಅದೇ ಆಫೀಸಲ್ಲಿ ಕೂತಿದ್ದೀರ, ಇಷ್ಟೂ ಗೊತ್ತಾಗಲ್ವಾ?”

ಟ್ಯಾಂಕರು ಮಹಡಿಯ ಮೇಲಿತ್ತು. ಮನೆಯ ಮಾಲೀಕರಾದ ಪ್ರೇಮಲೀಲಮ್ಮನವರ ವೈಫೈ ಇಂಚರಳ ಕೋಣೆಗೆ ಧಾರಾಳವಾಗಿ ಇಳಿದುಬರುತ್ತಿತ್ತು. ಅವರೇ ಪಾಸ್‌ವರ್ಡ್ ಹೇಳಿಕೊಟ್ಟಿದ್ದರು. ಪಾಲಾಕ್ಷ ವಿಚಾರಿಸಿಕೊಂಡು ಬರಲು ದುಡುದುಡು ಮೆಟ್ಟಿಲು ಹತ್ತಿದ. ಬಾಗಿಲು ತೆರೆದ ಆ ಹಿರಿಯಾಕೆ ಅವನು ಬಾಯಿ ತೆರೆಯುವ ಮೊದಲೇ ಅಂಗೈಗೆ ಒಂದು ಮೈಸೂರುಪಾಕು ಇಟ್ಟು, ನಿಮ್ಮ ಹುಡುಗಿ ಖೋಖೋ ಕ್ಯಾಪ್ಟನ್ ಆದಳಲ್ಲಪ್ಪ, ಶಾಲೆಯಿಂದ ಬಂದವಳೇ ಓಡಿಬಂದು ಹೇಳಿದಳು, ಇನ್ನೂ ನಾಲ್ಕು ಉಳಿದಿವೆ ತಗೋ, ಎಂದರು. ಪಾಲಾಕ್ಷ ಮೈಸೂರುಪಾಕು ತಿಂದ. ಮೆತ್ತಗೇ ಇತ್ತು. ಬಂದ ವಿಷಯ ಎತ್ತದೆ ಮೆಟ್ಟಿಲು ಇಳಿದ.

ಕೆಳಗೆ ಬಂದು, ಊಟಕ್ಕೆ ಕೂತಾಗ, ಜಗಳ ಮಾಡುವ ದನಿ ಅಲ್ಲ ಎಂದು ತಾನು ನಂಬಿದ್ದ ದನಿಯಲ್ಲಿ ಮಗಳನ್ನು ಕೇಳಿದ: ನಮ್ಮ ಮನೆಯಲ್ಲೇ ಇರುವಾಗ ಮೇಲಿನವರದ್ದು ಏಕೆ?

“ಮೇಲ್ಗಡೆ ಆಂಟಿ ಕಾರಣ ಕೇಳಲ್ಲ ಅಪ್ಪ,” ಎಂದಳು ಇಂಚರ. ತಟ್ಟೆ ಎತ್ತಿಕೊಂಡು ಹೋಗಿ ತಾನೇ ತೊಳೆದಿಟ್ಟು ಕೋಣೆ ಸೇರಿದಳು.

ಪಾಲಾಕ್ಷ ಹೆಂಡತಿಯ ಕಡೆ ತಿರುಗಿ, ಆಯಿತು, ಮಾಲೀಕರಿಗೆ ಹೇಳಿ ಪಾಸ್‌ವರ್ಡ್ ಬದಲು ಮಾಡಿಸುತ್ತೇನೆ, ಆಮೇಲೆ ನೆಟ್ ಬೇಕಾದರೆ ಇಲ್ಲಿಗೇ ಬರುತ್ತಾಳೆ ಎಂದು ಶುರುಮಾಡಿದ. ಕುಸುಮ ಅವನ ತಟ್ಟೆಗೆ ಮಜ್ಜಿಗೆ ಬಡಿಸಿದಳು.

“ಅವಳು ನೆಟ್ ಬಿಟ್ಟಿಲ್ಲ ಕಣ್ರೀ, ನಿಮ್ಮನ್ನ ಬಿಟ್ಟಿದ್ದಾಳೆ. ಅದಕ್ಕೆ ಯಾವ ಪಾಸ್‌ವರ್ಡ್ ಬದಲಾಯಿಸ್ತೀರ?”

ಈ ವಿವರವೆಲ್ಲ ಐನೂರು ವರ್ಷದ ಮೇಲೆ ನಮಗೆ ಹೇಗೆ ತಿಳಿಯಿತು, ಮೈಸೂರುಪಾಕು ಮೆತ್ತಗಿತ್ತೆಂದು ಯಾವ ಶಾಸನದಲ್ಲಿದೆ ಎಂದು ನೀವು ಕೇಳಬಹುದು. ಕೇಳಬೇಡಿ. ಉತ್ಖನನವೆಂದರೆ ನಮ್ಮಲ್ಲಿ ಬಹಳ ಮುಂದುವರಿದ ವಿದ್ಯೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಮನೆಯಲ್ಲಿ ಮೌನಯುಗ ಮುಂದುವರಿದರೆ ಬೇಡ್ಪದ ಬೆಳೆಯುವುದಿಲ್ಲ. ಬೇಡ್ಪದ ಬೆಳೆಯದಿದ್ದರೆ ಹೊಸ್ತಿಲಯ್ಯ ಹುಟ್ಟುವುದಿಲ್ಲ. ಹೊಸ್ತಿಲಯ್ಯ ಹುಟ್ಟದಿದ್ದರೆ ನಾವು ಯಾರೂ ಇಲ್ಲ. ಅದರ ಸೂಚನೆಗಳು ಈಗಾಗಲೇ ಕಾಣುತ್ತಿವೆ. ಪ್ರಾಸದಂಗಡಿಯವನು ನಿನ್ನೆ ಬರೀ ‘ಹಬ್ಬ’ ಕೊಟ್ಟ, ಜೋಡಿ ಖಾಲಿ ಎಂದ. ನಾನು ಬರೆಯುತ್ತಿರುವ ಕೈಯ ಕಿರುಬೆರಳಿನ ಮೂಲಕ ಕಿಟಕಿ ಕಾಣುತ್ತಿದೆ. ಆದ್ದರಿಂದ ಭವಿಷ್ಯತ್ತಿನ ಸಮಸ್ತ ಪ್ರಜೆಗಳ ಪರವಾಗಿ ಕುಮಾರಿ ಇಂಚರಳಲ್ಲಿ ನಮ್ಮ ಪ್ರಾರ್ಥನೆ ಏನೆಂದರೆ, ತಾವು ದೊಡ್ಡ ಮನಸ್ಸು ಮಾಡಿ, ಒಂದೇ ಒಂದು ಕೋರಿಕೆಯನ್ನು, ಪ್ರಾಸ ಇದ್ದರೂ ಸರಿ ಇಲ್ಲದಿದ್ದರೂ ಸರಿ, ಇಂಗ್ಲಿಷ್ ಅಕ್ಷರದಲ್ಲಾದರೂ ಸರಿ, ಸ್ವರ ನುಂಗಿದರೂ ಸರಿ

ಸಾಕು. ಇಂಚರಾ, ಇಸವಿ ಸುಳ್ಳು. ಭವಿಷ್ಯವೂ ಇಲ್ಲ, ಪ್ರಜೆಗಳೂ ಇಲ್ಲ. ಇದನ್ನು ನಿನ್ನ ಬಾಗಿಲಿನ ಕೆಳಗೆ ತೂರಿಸಿದವನು ನಿಮ್ಮಪ್ಪ, ಇನ್ನೂ ಹೊರಗಡೆಯೇ ನಿಂತಿದ್ದೇನೆ. ರೂಟರಿನ ಬೀಗ ತೆಗೆದಿದ್ದೇನೆ, ಇನ್ನು ನೀನು ಯಾರನ್ನೂ ಏನೂ ಕೇಳಬೇಕಾಗಿಲ್ಲ. ಈಗ ಕೇಳುವವನು ನಾನು.

ಶನಿವಾರ ನಿನ್ನ ಮ್ಯಾಚ್ ನೋಡಲು ಬರಲೇ?

ಕಾರಣ: ನೋಡಬೇಕು ಅನ್ನಿಸಿದೆ. ಪ್ರಾಸ ಸಿಗಲಿಲ್ಲ.