ಬೆಣ್ಣೆಯ ಹುಲ್ಲುಗಾವಲು

ಮನೆ, ಅಡುಗೆಕೋಣೆಯ ಮೇಜು
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಅಂದರೆ ಕುಡಿಯುವವಳಲ್ಲ ನೀನು, ಥೇಟ್ ನಿನ್ನಮ್ಮನೇ. ಅಳಿಯಂದಿರು ಚೆನ್ನಾಗಿದ್ದಾರೆಯೇ? ಮೂರು ತುಂಬಿದ ಮೊಮ್ಮಗಳು ಪಟಪಟ ಮಾತಾಡುತ್ತಾಳಂತೆ. ಅದು ಮಾತ್ರ ನನ್ನ ಕಡೆಯದು. ನಾವಿಬ್ಬರೂ ಆರಾಮ. ನಿನ್ನಮ್ಮನ ಮಂಡಿನೋವು ನನ್ನನ್ನು ಬಯ್ಯುವುದಕ್ಕೇನೂ ಅಡ್ಡಿ ಮಾಡಿಲ್ಲ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಬರುವ ತಿಂಗಳು ಬಂದಾಗ ನಮ್ಮ ಕುರಿ ಬೆಣ್ಣೆ ಇರುವ ಹುಲ್ಲುಗಾವಲಿಗೆ ಮಗುವನ್ನು ಕರೆದುಕೊಂಡು ಹೋಗಬೇಕು, ವಿಳಾಸ ಕಳಿಸು ಅಂದಿದ್ದೀಯ. ನೀನು ಸಾಕಿದ ಆ ಕುರಿಯ ಕಥೆ ಕೇಳದೆ ಮಗು ಊಟವೇ ಮಾಡುವುದಿಲ್ಲವಂತೆ. ಉತ್ತರ ಬರೆಯಲು ಕೂತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು.

ಮಗಳೇ, ಅಂಥ ಹುಲ್ಲುಗಾವಲು ಇರಲಿಲ್ಲ. ತಾಯಿಯಿಲ್ಲದ ಆ ಮರಿಯನ್ನು ಕಸಾಯಿಖಾನೆಯಿಂದ ಕೋಟಿನೊಳಗೆ ಮುಚ್ಚಿಕೊಂಡು ತಂದವನು ನಾನು. ಶಾಲೆಯಿಂದ ಬಂದವಳೇ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ನೀನು. ಹಿತ್ತಿಲು ಅದಕ್ಕೆ ಸಾಲದಾದಾಗ, ದೂರದ ಹುಲ್ಲುಗಾವಲಿನವರಿಗೆ ಕೊಟ್ಟೆ ಅಂದೆ. ಕೊಟ್ಟದ್ದು ನನ್ನ ಕೆಲಸದ ಜಾಗಕ್ಕೇ, ಆ ಕಸಾಯಿಖಾನೆಗೇ.

ಗಾಬರಿಯಾಗಬೇಡ, ಕೊಯ್ಯಲಿಕ್ಕಲ್ಲ. ಕುರಿಗಳನ್ನು ಕೊಯ್ಯುವಲ್ಲಿಗೆ ಹೋಗುವ ಕತ್ತಲೆಯ ಓಣಿಗೆ ಎಷ್ಟು ನೂಕಿದರೂ ಹೋಗುವುದಿಲ್ಲ. ಮುಂದೆ ಒಂದು ಹೋದರೆ ಎಲ್ಲವೂ ಹೋಗುತ್ತವೆ. ಜಗತ್ತಿನ ಯಾವ ಮೂಲೆಯ ಕುರಿಯೂ ಹೀಗೇ ಎಂದು, ನಾಲ್ಕು ದೇಶದಲ್ಲಿ ಕೆಲಸ ಮಾಡಿ ಬಂದ ನಮ್ಮ ಚರ್ಮ ಸುಲಿಯುವ ಮುದುಕ ಹೇಳುತ್ತಾನೆ. ಮುಂದೆ ನಡೆಯುವ ಕುರಿ ಮನುಷ್ಯರಿಗೆ ಹೆದರಬಾರದು. ನಿನ್ನ ಕೈಯಲ್ಲಿ ಹಾಲು ಕುಡಿದದ್ದು ಯಾರಿಗೆ ಹೆದರೀತು? ಹತ್ತು ವರ್ಷ, ದಿನಾ ಬೆಳಗ್ಗೆ, ಅದು ಹಿಂಡಿನ ಮುಂದೆ ನಡೆಯಿತು. ಓಣಿಯ ಕೊನೆಯಲ್ಲಿ ಎಡಕ್ಕೊಂದು ಕಿರುಬಾಗಿಲಿದೆ, ಅದನ್ನು ತೆರೆಯುವವನು ನಾನು. ಬೆಣ್ಣೆ ಹಣೆಯಿಂದ ಎರಡು ಸಲ ಬಾಗಿಲು ತಟ್ಟುತ್ತಿತ್ತು, ಹೊರಗೆ ಬಂದು ನನ್ನ ಜೇಬಿನ ಬ್ರೆಡ್ ಚೂರು ತಿನ್ನುತ್ತಿತ್ತು. ಉಳಿದವು ನೇರ ಹೋಗುತ್ತಿದ್ದವು. ನಿನ್ನಮ್ಮನಿಗೆ ಇದು ಗೊತ್ತಿತ್ತು. "ಕುರಿ ಕಾಯೋಕೆ ತೋಳನ್ನ ಇಟ್ಟರು ಅಂತಾರೆ. ನೀವು ಕುರಿನೇ ತೋಳ ಮಾಡಿಬಿಟ್ರಿ" ಅಂದು ಎರಡು ದಿನ ಮಾತು ಬಿಟ್ಟಿದ್ದಳು. ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ.

ನಾಳೆಯಿಂದ ಓಣಿಯಲ್ಲಿ ಯಂತ್ರ ಓಡುತ್ತದೆ. ಮುಂದೆ ನಡೆಯುವ ಕುರಿ ಇನ್ನು ಬೇಕಿಲ್ಲ. ಹಾಗಾಗಿ ಬೆಣ್ಣೆಗೆ ಶುಕ್ರವಾರ ಬಿಡುಗಡೆಯಾಯಿತು. ಹಾಲಿನವನೊಬ್ಬ ತನ್ನ ಹುಲ್ಲುಗಾವಲಿಗೆ ಕರೆದುಕೊಂಡು ಹೋದ. ಈ ಸಲ ನಿಜವಾದದ್ದು, ಮೊಣಕಾಲುದ್ದ ಹುಲ್ಲು, ಪಕ್ಕದಲ್ಲಿ ತೊರೆ. ಆದರೆ ಬಹಳ ದೂರ, ರಸ್ತೆಯೂ ಕೆಟ್ಟಿದೆ, ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ಬೇಡ. ಸುಳ್ಳು ಹೇಳಿದ ಅಪ್ಪನನ್ನು ಬಾಯ್ತುಂಬ ಬಯ್ಯಿ, ಆದರೆ ಬಾ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಮಗುವಿನ ಎರಡೂ ಕೆನ್ನೆಗೆ ನನ್ನದೊಂದೊಂದು ಮುತ್ತು. ನೀನು ನೂರು ವರ್ಷ ಬಾಳು, ಕೆಮ್ಮಿಲ್ಲದೆ.

ನಿನ್ನ ಅಪ್ಪ

ಮರೆತ ಮಾತು: ಅಂಚೆಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಈ ಹುಲ್ಲುಗಾವಲೂ ಸುಳ್ಳು ಮಗಳೇ. ಕೊನೆಯ ಹಿಂಡಿನ ಜೊತೆ ಅದನ್ನೂ ಕಳಿಸು, ಬಾಗಿಲು ತೆರೆಯಬೇಡ ಅಂದರು ಸಾಹೇಬರು. ಮನೆಗೆ ಕರೆದೊಯ್ಯುತ್ತೇನೆ ಅಂದಿದ್ದರೆ ಬಿಡುತ್ತಿದ್ದರೋ ಏನೋ. ಎಲ್ಲರೂ ನಗುತ್ತಾರೆ ಅನ್ನಿಸಿ ನಾನು ಕೇಳಲೇ ಇಲ್ಲ. ಬೆಣ್ಣೆ ಎಂದಿನಂತೆ ಎಡಕ್ಕೆ ತಿರುಗಿ ಎರಡು ಸಲ ತಟ್ಟಿತು. ಚಿಲಕ ನನ್ನ ಕೈಯಲ್ಲೇ ಇತ್ತು. ಬೆಣ್ಣೆ ಸ್ವಲ್ಪ ಹೊತ್ತು ಕಾದು ನಿಂತಿತು. ಆಮೇಲೆ ಇನ್ನೊಂದು ಸಲ ತಟ್ಟಿತು. ಹತ್ತು ವರ್ಷದಲ್ಲಿ ಅದು ಮೂರನೇ ಸಲ ತಟ್ಟಿದ್ದೇ ಇಲ್ಲ. ಅಂದಿನ ಬ್ರೆಡ್ ಚೂರು ಅಂಗಿ ಒಗೆಯುವಾಗ ನಿನ್ನಮ್ಮನಿಗೆ ಸಿಕ್ಕಿತು. ಅದನ್ನು ಈ ಮೇಜಿನ ಮೇಲಿಟ್ಟು ಹೋದಳು. ಮಗುವಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಹುಲ್ಲುಗಾವಲು ಅಂತ ಮಾತ್ರ ಹೇಳಬೇಡ.