ಕೆಳಗೇರಿಯ ಬಿಟ್ಟಕೂಗು

ಹೊಸಬೆಂಗ್ರೆ ಅಳಿವೆಬಾಗಿಲು,
ಹನ್ನೊಂದನೆಯ ನೀರೇರಿಕೆಯ ಶಕೆ, ಆಟಿ ತಿಂಗಳ ನಲವತ್ತನೆಯ ದಿನ, ಮಧ್ಯಾಹ್ನ

ಹೆಸರು ಗೊತ್ತಿಲ್ಲದ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ತಿಂಗಳು ಮುಗಿಯುವುದು ಕ್ಯಾಲೆಂಡರ್ ಹೇಳಿದಾಗಲ್ಲ, ಸಮುದ್ರ ತಣಿದಾಗ. ಈ ಸಲದ ಆಟಿ ಇನ್ನೂ ಮುಗಿದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಈ ಕಾಗದ ಹಿಂಟಪಾಲಿನಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ, ನಿಮಗೆ ತಲುಪುತ್ತದೆ. ಅದಕ್ಕೆ ಉತ್ತರ ಬರೆಯುವ ದಾರಿಯಿಲ್ಲ. ನಾನು ಬೈದರೂ ನೀವು ತಿರುಗಿ ಬೈಯುವ ಹಾಗಿಲ್ಲ.

ನಾನು ಜಲಜಾಕ್ಷಿ. ನೀವು ಟೆಸ್ಟರ್ ಎನ್ನುತ್ತಿದ್ದವರನ್ನು ನಾವು ಕೆಣಕುಗಾರರು ಎನ್ನುತ್ತೇವೆ. ಪ್ರೋಗ್ರಾಮನ್ನು ಅದರ ಪಾಡಿಗೆ ಬಿಡದೆ ಕೆಣಕಿ ಕೆಣಕಿ ಅದರ ಹುಳುಕು ಹೊರಗೆ ತೆಗೆಯುವುದು ನನ್ನ ಕೆಲಸ. ನಮ್ಮ ಊರು ನದಿ ಕಡಲು ಸೇರುವ ಅಳಿವೆಯ ಮೇಲಿದೆ. ಉಬ್ಬರ ಬಂದಾಗ ಕಬ್ಬಿಣದ ದೊಡ್ಡ ಬಾಗಿಲು ಇಳಿದು ಕಡಲನ್ನು ತಡೆಯಬೇಕು, ಇಳಿತದಲ್ಲಿ ಮೇಲೆದ್ದು ನದಿಯ ನೀರನ್ನು ಬಿಡಬೇಕು. ಅದನ್ನು ನಡೆಸುವುದು ಸಾಫ್ಟ್‌ವೇರ್. ಜನ ತೇಲುಗದ್ದೆಗಳಲ್ಲಿ ಬಸಳೆ ಬೆಳೆಯುತ್ತಾರೆ, ಚಾವಣಿಯ ಮೇಲೆ ಮೀನು ಒಣಗಿಸುತ್ತಾರೆ, ಮಕ್ಕಳನ್ನು ದೋಣಿಯಲ್ಲಿ ಶಾಲೆಗೆ ಕಳಿಸುತ್ತಾರೆ. ಬಾಗಿಲು ಸರಿಯಿದ್ದರೆ ಇದೆಲ್ಲ ಉಂಟು.

ನಮ್ಮಲ್ಲೊಂದು ಕಟ್ಟಳೆ ಇದೆ. ಬಾಗಿಲಿಗೆ ಹೊಸ ಪ್ರೋಗ್ರಾಮ್ ಹಾಕುವ ದಿನ ಕೆಣಕುಗಾರರು ಊರಿನ ಅತಿ ತಗ್ಗಾದ ಕೆಳಗೇರಿಯಲ್ಲಿ, ಅಲ್ಲಿನವರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಎಲೆಗೆ ಅನ್ನ ಬೀಳುವ ಮುಂಚೆ ಎದ್ದು ನಿಂತು, ತಾವು ಯಾವುದನ್ನು ಪರೀಕ್ಷಿಸಲಿಲ್ಲ ಎಂಬುದನ್ನು ಕೂಗಿ ಹೇಳಬೇಕು. ಇದೇ ಬಿಟ್ಟಕೂಗು. ಪರೀಕ್ಷಿಸಿದ್ದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಅದನ್ನು ಹೇಳಿಕೊಂಡರೆ ಜಂಬ ಎಂದು ನಗುತ್ತಾರೆ.

ಈ ಸಲ ಬಿರುಗಾಳಿ ಅವಸರ ಮಾಡಿತು. ಹಳೆಯ ಪ್ರೋಗ್ರಾಮಿಗೆ ಈಗಿನ ಉಬ್ಬರದ ಎತ್ತರವೇ ಗೊತ್ತಿಲ್ಲ, ಹೊಸದನ್ನು ಹಾಕದೆ ವಿಧಿಯಿಲ್ಲ. ಇಡೀ ಮಳೆಗಾಲ ಕೆಣಕಬೇಕಾದದ್ದನ್ನು ಒಂದೇ ವಾರದಲ್ಲಿ ಮುಗಿಸಿ ಎಂದರು. ನಮ್ಮ ಮೇಲಿನವರು ಫ್ಲೋರಿನ್ ಬಾಯಿ, ಗಟ್ಟಿ ಹೆಂಗಸು. “ಎಲ್ಲ ನೋಡ್ಲಿಕ್ಕೆ ಪುರುಸೊತ್ತು ಉಂಟಾ ಮಾರಾಯ್ತಿ? ಮುಳುಗಿಸುವುದನ್ನು ಮೊದಲು ನೋಡುವಾ, ನಾಚಿಕೆ ತರುವುದನ್ನು ಆಮೇಲೆ,” ಎಂದರು. ಸರಿಯೇ. ಪರದೆಯ ಬಣ್ಣ, ವರದಿಯ ಅಂದಚಂದ, ಬಾಗಿಲು ಆಡುವ ಸ್ವಾಗತದ ಮಾತು, ಎಲ್ಲವನ್ನೂ ಪಕ್ಕಕ್ಕಿಟ್ಟೆವು. ಹೋದ ವರ್ಷದಿಂದ ಬದಲಾಗದ ಭಾಗಗಳನ್ನು ಯಂತ್ರ ತಾನೇ ಕೆಣಕುವಂತೆ ಬಿಟ್ಟೆವು. ಹೊಸದಾಗಿ ಬರೆದದ್ದಕ್ಕೆ ಮಾತ್ರ ನಮ್ಮ ಕೈ ಹಾಕಿದೆವು. ಬಾಗಿಲು ಇಳಿಯುತ್ತದೆಯೇ? ಕರೆಂಟ್ ಹೋದರೆ ನಡುವೆ ನಿಲ್ಲದೆ ಇಳಿಯುತ್ತದೆಯೇ? ಮತ್ತೆ ಏಳುತ್ತದೆಯೇ? ಇಷ್ಟಕ್ಕೇ ವಾರ ಮುಗಿಯಿತು.

ಒಂದು ಉಳಿಯಿತು. ಕಡಲೂ ನದಿಯೂ ಒಟ್ಟಿಗೆ ಏರಿದರೆ ಏನಾಗುತ್ತದೆ? ಒಂದು ಕಡೆಯಿಂದ ಇಳಿ ಎನ್ನುವ ಆಜ್ಞೆ, ಇನ್ನೊಂದು ಕಡೆಯಿಂದ ಏಳು ಎನ್ನುವ ಆಜ್ಞೆ. ಆ ತುಂಡು ನಿಮ್ಮ ಕಾಲದ್ದು, ಹಿರಿಯರೇ. ತಲೆಮಾರುಗಳಿಂದ ಯಾರೂ ಮುಟ್ಟದೆ ಹೊತ್ತುಕೊಂಡು ಬಂದಿದ್ದಾರೆ, ಯಂತ್ರಕ್ಕೂ ಅದನ್ನು ಕೆಣಕಲು ಕಲಿಸಿದವರಿಲ್ಲ. ನೀವು ಅದನ್ನು ಪರೀಕ್ಷಿಸಿದ್ದಿರೋ, ಟೈಮಿಲ್ಲವೆಂದು ಬಿಟ್ಟಿರೋ, ಯಾರಿಗೂ ಗೊತ್ತಿಲ್ಲ. ಬಿಟ್ಟಿದ್ದರೆ ಅದಕ್ಕೆ ನನಗೆ ಕೋಪವಿಲ್ಲ, ನಾನೂ ಬಿಟ್ಟವಳೇ. ಬಿಟ್ಟೆವು ಎಂದು ಒಂದು ಮಾತು ಹೇಳಿ ಹೋಗಲು ನಿಮಗೇನಾಗಿತ್ತು? ಮೈಯೆಲ್ಲ ಉರಿಯುತ್ತದೆ.

ಇವತ್ತು ಬೆಳಿಗ್ಗೆ ಫ್ಲೋರಿನ್ ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. “ಅದೊಂದನ್ನು ಕೂಗ್ಬೇಡ. ಜನ ಹೆದರಿ ಓಡಿದರೆ ಹಲಗೆ ಸೇತುವೆ ಮೇಲೆ ತುಳಿದಾಡಿ ಸಾಯ್ತಾರೆ. ನಿನ್ನ ತಂಗಿಯೂ ಅಲ್ಲೇ ಇದ್ದಾಳಲ್ಲ?” ಎಂದರು. ಇದ್ದಾಳೆ. ಪ್ರಫುಲ್ಲ, ದಿನ ತುಂಬಿದ ಬಸುರಿ, ಕೆಳಗೇರಿಯ ಕೊನೆಯ ಮನೆ. ನೂಕುನುಗ್ಗಲಾದರೆ ಮೊದಲು ಬೀಳುವವಳು ಅವಳು. ಬಾಗಿಲು ಸಿಕ್ಕಿಬಿದ್ದರೆ ನೀರು ಮೊದಲು ನುಗ್ಗುವುದೂ ಅವಳ ಹೊಸಿಲಿಗೆ. ಅಯ್ಯೋ, ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಕೂಗಿಬಿಟ್ಟೆ. ಪ್ರಫುಲ್ಲಳ ಪಕ್ಕದ ಎಲೆಯ ಮುಂದೆ ಎದ್ದು ನಿಂತು ಕೂಗಿದೆ: ಎರಡೂ ನೀರು ಒಟ್ಟಿಗೆ ಬಂದರೆ ಬಾಗಿಲು ಏನು ಮಾಡುತ್ತದೋ ನಮಗೆ ಗೊತ್ತಿಲ್ಲ, ನಮ್ಮ ಹಿಂದಿನವರೂ ಹೇಳಿಲ್ಲ. ಯಾರೂ ಓಡಲಿಲ್ಲ. ಮೀನು ಒಣಗಿಸುವ ಉಮ್ಮರಬ್ಬ ಎದ್ದು ಲುಂಗಿ ಬಿಗಿದು, “ಹಾಗಾದ್ರೆ ಬಾಗಿಲನ್ನು ಕೈಯಲ್ಲೇ ತಿರುಗಿಸಿ ಇಳಿಸುವ ಕೈಚಕ್ರದ ಹತ್ರ ಜನ ಬೇಕು, ಊಟ ಆಮೇಲೆ ಆಯ್ತು,” ಎಂದ. ಅವನ ಹಿಂದೆ ಹತ್ತಾರು ಮಂದಿ ಹೋದರು. ಪ್ರಫುಲ್ಲ ನನ್ನ ಸೆರಗು ಜಗ್ಗಿ ಕೂರಿಸಿ, “ಉಣ್ಣು ಅಕ್ಕ, ಮುಖ ಎಷ್ಟು ಬಾಡಿದೆ ನೋಡು,” ಎಂದಳು. ಉಣ್ಣಲಾಗಲಿಲ್ಲ. ಅವಳ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನದಿ ಕೆಂಪಾಗಿ ಏರುತ್ತಿದೆ. ಕಡಲೂ ಏರುತ್ತಿದೆ. ಬಾಗಿಲು ಇಳಿಯುವ ಗಡಗಡ ಸದ್ದು ಇಷ್ಟು ಹೊತ್ತು ಕೇಳುತ್ತಿತ್ತು.

ಈಗ ನಿಂತಿತು. ನೆಲ ಮುಟ್ಟಿದ ಸದ್ದು ನನಗೆ ಗೊತ್ತು, ಇದು ಅದಲ್ಲ. ನಡುವೆ ಸಿಕ್ಕಿಕೊಂಡಿದೆ. ಕೈಚಕ್ರದ ಕಡೆಯಿಂದ ಐಸಾ, ಐಸಾ ಎಂಬ ಕೂಗು ಶುರುವಾಗಿದೆ. ಗಡ ಎಂದು ಒಂದು ಸದ್ದು. ಮತ್ತೊಂದು. ಕಬ್ಬಿಣ ಮಿಸುಕುತ್ತಿದೆ, ಜನರ ಕೈಯಲ್ಲಿ.

ಹಿರಿಯರೇ, ನಿಮಗೂ ಟೈಮಿಲ್ಲ, ಗೊತ್ತು. ಬಿಡಿ, ಬಿಡಬೇಕಾದದ್ದನ್ನು ಬಿಡಿ. ಆದರೆ ಇವತ್ತು ಸಂಜೆ ಕೆಲಸ ಮುಗಿಸಿ ಏಳುವ ಮುಂಚೆ, ಏನು ಬಿಟ್ಟಿರಿ ಎಂದು ಕೇಳುವವರ ಕಿವಿಗೆ ಬೀಳುವಂತೆ ಕೂಗಿ ಹೇಳಿ. ಪ್ರಫುಲ್ಲಳ ಅಂಗಳಕ್ಕೆ ನೀರು ಬಂತು. ನಾನು ಚಕ್ರಕ್ಕೆ ಕೈ ಕೊಡಲು ಓಡುತ್ತಿದ್ದೇನೆ.

ಜಲಜಾಕ್ಷಿ